ಏರಿಯ ಮೇಲೆ ನಿಂತವನು

ಹೆಗ್ಗನಹಳ್ಳಿಯಲ್ಲಿ ಕೆರೆ ಕಾದು ನೀರು ಹಂಚುವ ನೀರಗಂಟಿ ದೊಡ್ಡಹನುಮಯ್ಯ, ಕೆರೆ ಏರಿ ಬಿರಿದಾಗ ತನ್ನ ಮನೆಯ ಬಾಗಿಲನ್ನೇ ಕಿತ್ತು ತಂದು ಬಿರುಕಿಗೆ ಅಡ್ಡ ಕೊಟ್ಟವನು. ಅವನ ಮಗ ಚಿಕ್ಕಹನುಮಯ್ಯ, ಸರದಿ ಬರುವ ಮುಂಚೆ ನೀರು ಕೇಳಿದ ಪಟೇಲನಿಗೆ ತೂಬಿನ ಮೇಲೆ ಕೂತೇ ‘ಆಗಲ್ಲ’ ಅಂದವನು. ಅವನ ಮಗ ಮುನಿಯಪ್ಪ, ಕೆರೆಯಲ್ಲಿ ನೀರಿದ್ದಷ್ಟು ಕಾಲ ತೂಬು ಕಾದವನು. ಕ್ಯಾಮೆರಾ ಕಂಡರೆ ಮಾತ್ರ ಮುಖ ತಿರುಗಿಸಿ ನಡೆದುಬಿಡುತ್ತಿದ್ದ. ಹಾಗಾಗಿ ಅವನದೊಂದೂ ಪಟವಿಲ್ಲ. ಪಿತೃಪಕ್ಷದಲ್ಲಿ ಅವನ ಹೆಂಡತಿಯ ಪಟದ ಪಕ್ಕ ಬರೀ ಕಳಶವಿಟ್ಟು ಎಡೆ ಹಾಕುತ್ತಾರೆ.

ಈ ಮುನಿಯಪ್ಪನ ಮಗಳೇ ಆರ್‌ಪಿಸಿ ಲೇಔಟಿನ ವೆಂಕಟಲಕ್ಷ್ಮಮ್ಮ. ಶಾಲೆ ಕಂಡದ್ದು ಕಮ್ಮಿ. ಕುಂಚ ಹಿಡಿದರೆ ಕೈ ಕೂದಲೆಳೆಯಷ್ಟೂ ಅಲುಗದು. ಪ್ರಾಯದಲ್ಲಿ ರಾಜಾಜಿನಗರದ ಮೋಹನ್ ಕುಮಾರನ ಪ್ರೆಸ್ಸಿನಲ್ಲಿ ಚಿತ್ರದ ಪೋಸ್ಟ್‌ಕಾರ್ಡುಗಳಿಗೆ ಟಚಿಂಗ್ ಮಾಡುತ್ತಿದ್ದಾಕೆ. ಕಪ್ಪುಬಿಳುಪು ಫೋಟೋದ ಆಕಾಶಕ್ಕೆ ನೀಲಿ ಬಳಿದು, ಕರೆಂಟ್ ಕಂಬ ಅಳಿಸಿ, ಬೋಳು ದಂಡೆಯಲ್ಲಿ ಮರ ಎಬ್ಬಿಸುತ್ತಿದ್ದಳು. ಮೋಹನ್ ಕುಮಾರನಿಗೆ ಕಾರ್ಡಿನ ಚರಿತ್ರೆ ಹೇಳುವ ಚಾಳಿ.

“ಮೊದ್ಲು ಹಿಂದ್ಗಡೆ ವಿಳಾಸ ಮಾತ್ರ ಬರೀಬೇಕಿತ್ತು ಕಣಮ್ಮ. ಸುದ್ದಿಯೆಲ್ಲ ಚಿತ್ರದ ಅಂಚಲ್ಲಿ ತುರುಕ್ತಿದ್ರು. ಆಮೇಲೆ ಹಿಂದ್ಗಡೆ ನಡುವೆ ಗೆರೆ ಬಂತು, ಸುದ್ದಿ ಅಲ್ಲಿಗೆ ಹೋಯ್ತು, ಮುಂದ್ಗಡೆ ಪೂರ್ತಿ ಚಿತ್ರ. ಅಷ್ಟಗಲ ಜಾಗ ಭಣಭಣ ಅಂದ್ರೆ ಯಾರ್ ಕೊಳ್ತಾರೆ? ಒಬ್ಬ ಮನುಷ್ಯನ್ನ ನಿಲ್ಸು!”

ಹೀಗೆ ಎಷ್ಟು ಏರಿಗಳ ಮೇಲೆ ಎಷ್ಟು ಜನರನ್ನು ನಿಲ್ಲಿಸಿದಳೋ, ಅವಳಿಗೇ ಲೆಕ್ಕವಿಲ್ಲ.

ಈ ಸಲ ಪಿತೃಪಕ್ಷ ಹತ್ತಿರ ಬಂದಾಗ ಮೊಮ್ಮಗಳು ಬಿಂದುಶ್ರೀ ಹಳೆಯ ಪುಸ್ತಕದಂಗಡಿಯಿಂದ ಒಂದು ಕಾರ್ಡು ತಂದಳು. ಹೆಗ್ಗನಹಳ್ಳಿ ಕೆರೆ, ಹಿಂದೆ ಮೋಹನ್ ಕುಮಾರನ ಪ್ರೆಸ್ಸಿನ ಹೆಸರು. ಏರಿಯ ಮೇಲೆ ಉಗುರಿಗಿಂತ ಚಿಕ್ಕವನೊಬ್ಬ, ತಲೆಗೆ ಕೆಂಪು ವಸ್ತ್ರ, ಎಡಕ್ಕೆ ತುಸು ವಾಲಿದ ನಿಲುವು.

“ಅಜ್ಜಿ, ಎಡಕ್ಕೆ ವಾಲಿ ನಿಲ್ತಿದ್ರು ಅಂತಿದ್ಯಲ್ಲ, ಇದು ಮುತ್ತಾತ ಅಲ್ವಾ? ಫ್ರೇಮ್ ಹಾಕ್ಸಿ ಹಬ್ಬಕ್ಕೆ ಇಡೋಣ.”

ವೆಂಕಟಲಕ್ಷ್ಮಮ್ಮ ಕನ್ನಡಕ ಒರೆಸಿ ನೋಡಿದಳು. ನಿಲುವು ಅಪ್ಪನದೇ. ಬಳಿದ ಕೆಂಪು ತನ್ನ ಕೈಯದೇ. ಮನುಷ್ಯ ಯಾರವನು? ಹೇಗೋ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ ಅಪ್ಪನಿಗೆ ತಾನು ಬರೀ ಬಣ್ಣ ಹಚ್ಚಿದ್ದಳೋ, ಖಾಲಿ ಏರಿಯ ಮೇಲೆ ಯಾರನ್ನೋ ನಿಲ್ಲಿಸಹೊರಟಾಗ ಅಪ್ಪನ ನಿಲುವು ತಾನಾಗಿ ಕೈಗೆ ಬಂದಿತ್ತೋ? ಒಮ್ಮೆ ಹೌದೆನಿಸಿತು. ಪಕ್ಕದ ಹುಣಸೆ ಮರ ಕಣ್ಣಿಗೆ ಬಿದ್ದದ್ದೇ ಮತ್ತೆ ಕಲಸಿಹೋಯಿತು. ಆ ಮರವಾದರೂ ಇತ್ತೇ? ಅದರ ನೆರಳಲ್ಲಿ ಕೂತ ನೆನಪಿದೆ. ಅದನ್ನು ಬರೆದ ನೆನಪೂ ಇದೆ. “ಗೊತ್ತಾಗ್ತಿಲ್ಲ ಕಣೇ” ಅಂದಳು.

“ನೀನೇ ಮಾಡಿದ್ದು, ನಿಂಗೇ ಗೊತ್ತಿಲ್ವಾ? ಚೆನ್ನಾಗಿದೆ ಕಥೆ!”

“ಐವತ್ತು ವರ್ಷದ್ ಹಿಂದಿನ ಸಾರಿಗೆ ಉಪ್ಪೆಷ್ಟು ಹಾಕ್ದೆ ಅಂತ ಕೇಳ್ದಂಗಾಯ್ತು, ಹೋಗೇ!”

ಬಿಂದುಶ್ರೀ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಮನುಷ್ಯ ಮಾಯವಾಗಿ ಬರೀ ಬಣ್ಣದ ಚುಕ್ಕಿಗಳು ಉಳಿದವು. ಅಚ್ಚಿಗೆ ಹೋದ ಮೇಲೆ ಕ್ಯಾಮೆರಾ ಕಂಡದ್ದೂ ಚುಕ್ಕಿ, ಕುಂಚ ಬರೆದದ್ದೂ ಚುಕ್ಕಿ. ವೆಂಕಟಲಕ್ಷ್ಮಮ್ಮ ಕಾರ್ಡನ್ನು ಅವ್ವನ ಪಟಕ್ಕೆ ಒರಗಿಸಿದಳು, ತೆಗೆದಳು, ಮತ್ತೆ ಒರಗಿಸಿದಳು. ಯಾರೋ ದಾರಿಹೋಕನಿಗೆ ಅಪ್ಪನ ಎಡೆ ಇಟ್ಟಂತಾದರೆ? ಅಪ್ಪನೇ ಆಗಿದ್ದು ಇಡದೆ ಹೋದರೆ?

“ಸುಂಕದಕಟ್ಟೇಲಿ ಒಬ್ರು ಕಂಪ್ಯೂಟರ್‌ನಲ್ಲಿ ಕ್ಲೀನ್ ಮಾಡಿ ಮುಖ ಎದ್ದು ಕಾಣೋ ಹಾಗ್ ಮಾಡ್ಕೊಡ್ತಾರೆ ಅಜ್ಜಿ. ಸಂಜೆ ಕೊಟ್ಟು ಬರ್ಲಾ?”

“ಬೇಡ ಕಣೇ. ಚುಕ್ಕೀಲಿ ಇಲ್ದಿರೋ ಮುಖನ ಅವ್ನು ಎಲ್ಲಿಂದ ತರ್ತಾನೆ? ನಾನೂ ಅದೇ ಕಸುಬು ಮಾಡ್ದೋಳು. ಇದನ್ನ ಇಡ್ಬೇಕೋ ಬೇಡ್ವೋ ನಂಗಿನ್ನೂ ತಿಳೀತಿಲ್ಲ, ಅದು ನನ್ ತಲೆನೋವು. ಅಪ್ಪನ್ ಮುಖ ಒಂದು ನನ್ ಕಣ್ಣಲ್ಲಿ ಸರಿಯಾಗೈತೆ. ಅದ್ರ ತಂಟೆಗೆ ಯಾರೂ ಬರ್ಬೇಡಿ.”