ಬದನೆಕಾಯಿಗೆ ಇಂಜೆಕ್ಷನ್

ನರ್ಸಿಂಗ್ ಪಾಸಾಗಿ ನ್ಯಾಮತಿಗೆ ಮರಳಿದ ನಾನೆಂಬ ನರ್ಸಮ್ಮನ ಬಳಿ ಎರಡು ಉತ್ತರಗಳು ಸದಾ ಸಿದ್ಧವಿದ್ದವು. "ಕೆಲ್ಸಕ್ಕೆ ಯಾವಾಗ ಸೇರ್ತೀಯವ್ವ?" ಎಂದವರಿಗೆ "ಇನ್ನೂ ಓದ್ಬೇಕು", "ಓದಾಕೆ ಯಾವಾಗ ಹೋಗ್ತೀಯ?" ಎಂದವರಿಗೆ "ಮೊದ್ಲು ಅನುಭವ ಆಗ್ಲಿ." ಈ ಮಧ್ಯೆ ಬಿಳಿ ಸೀರೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದೆ; ಕದ್ದುಮುಚ್ಚಿ ಬದನೆಕಾಯಿಗಳಿಗೆ ಸೂಜಿ ಚುಚ್ಚುತ್ತಿದ್ದೆ. "ಸಂತೆಯೋರು ಬರೀ ಹುಳುಕೇ ಕೊಡ್ತಾರೆ" ಎಂದು ಅವ್ವ ಆ ತೂತಿನ ಕಾಯಿಗಳನ್ನೆಲ್ಲ ಎಮ್ಮೆಗೆ ಹಾಕುತ್ತಿದ್ದಳು. ವಾರ್ಡಿನಲ್ಲಾದರೆ ಬೆನ್ನ ಹಿಂದೆ ಸಿಸ್ಟರ್ ನಿಂತಿರುತ್ತಿದ್ದರು. ಇನ್ನು ಮುಂದೆ ಒಬ್ಬಳೇ ಚುಚ್ಚಬೇಕಲ್ಲ! ಒಂದು ದಿನ ಪಕ್ಕದ ಮನೆಯ ಮುದುಕಿ ಓಬವ್ವ, ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಹಿಡಿದು ಬಂದಳು. ಗಾಜಿನ ಸಿರಿಂಜು ಕುದಿಸಿ ತಂದೆ. ಅವಳು ತೋಳು ಚಾಚಿ, ಅದನ್ನೇ ಹತ್ತಿಯಿಂದ ಮತ್ತೆ ಮತ್ತೆ ಒರೆಸುತ್ತಿದ್ದ ನನ್ನನ್ನು ನೋಡಿ, ಬೆನ್ನು ಸವರಿದಳು: "ಹೆದರಬ್ಯಾಡ ಮಗಳೇ, ಏನೂ ನೋವಾಗಲ್ಲ."