ನಾಡಿ ನೂರಮೂವತ್ತು ದಾಟಿದರೆ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಹನ್ನೊಂದು ತಿಂಗಳಾಗಿತ್ತು. ಟ್ರೆಡ್‌ಮಿಲ್ ಪರೀಕ್ಷೆ ಪಾಸಾದ ದಿನ ಡಾಕ್ಟರು, “ಹಿಮಾಲಯಕ್ಕೆ ಧಾರಾಳವಾಗಿ ಹೋಗಿ. ನಾಡಿ ನೂರಮೂವತ್ತು ದಾಟಿದರೆ ಕೂತುಬಿಡಿ, ಇಳಿಯದಿದ್ದರೆ ವಾಪಸ್ ಬನ್ನಿ” ಎಂದರು. ಮದುವೆಗೆ ಮೊದಲಿನಿಂದಲೂ ಪ್ರತಿ ಬೇಸಿಗೆ ಬೆಟ್ಟ ಹತ್ತಿದವನು ನಾನು, ಮತ್ತೆ ಹತ್ತಬಲ್ಲೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಂಡತಿ ಮಾತ್ರ ಡಾಕ್ಟರನ್ನು ನಂಬಿದಳು, ನನ್ನನ್ನು ನಂಬಲಿಲ್ಲ; ಬೆಟ್ಟದ ಮಾತೇ ಬೇಡ ಎಂದಳು. ಎದೆನೋವು ಬಂದಾಗ ಗ್ಯಾಸ್ ಎಂದು ಹೇಳಿ ಮೂರು ದಿನ ಆಫೀಸಿಗೆ ಹೋಗಿದ್ದನ್ನು ಅವಳು ಮರೆತಿರಲಿಲ್ಲ.

ಹಾಗಾಗಿ ಕದ್ದುಮುಚ್ಚಿ ಅಭ್ಯಾಸ ಶುರುಮಾಡಿದೆ. ದೆಹಲಿಯ ವಸಂತ್ ಕುಂಜ್‌ನ ನಮ್ಮ ಸರ್ಕಾರಿ ಫ್ಲ್ಯಾಟುಗಳಿಗೆ ಲಿಫ್ಟ್ ಇಲ್ಲ, ಮೆಟ್ಟಿಲಿಗೇನೂ ಬರವಿಲ್ಲ. ನಮ್ಮ ಬ್ಲಾಕಿನಲ್ಲೇ ಹತ್ತಿದರೆ ಸುದ್ದಿ ನನಗಿಂತ ಮೊದಲು ಮನೆ ತಲುಪುತ್ತದೆಂದು ಎರಡು ಬ್ಲಾಕ್ ಆಚೆ ಹೋದೆ. ಅಡುಗೆಮನೆಯ ಹತ್ತು ಕಿಲೋ ಸೋನಾ ಮಸೂರಿ ಚೀಲ ಸದ್ದಿಲ್ಲದೆ ನನ್ನ ಬೆನ್ನುಚೀಲ ಸೇರಿ, ಕಾರಿನ ಡಿಕ್ಕಿಯಲ್ಲಿ ಬೀಡುಬಿಟ್ಟಿತು. ಅವಳು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು ಎಂದು ಬೀಗುತ್ತಿದ್ದೆ.

ಅವು ಮಾರುಕಟ್ಟೆಗಳಲ್ಲಿ ಬಾಂಬು ಸಿಡಿದ ವರ್ಷಗಳು. ಗುರುತಿಲ್ಲದ ಚೀಲ ಕಂಡರೆ ಪೊಲೀಸರಿಗೆ ತಿಳಿಸಿ ಎಂದು ದೆಹಲಿಯ ಬಸ್ಸು ಬಸ್ಸಿನಲ್ಲೂ ಬರೆದಿತ್ತು. ಅಪರಿಚಿತನೊಬ್ಬ ಭಾರದ ಚೀಲ ಹೊತ್ತು ದಿನವೂ ಹತ್ತಿಳಿದರೆ ಜನ ಏನಂದುಕೊಂಡಾರು ಎಂದು ಹೊಳೆಯದ ಮಹಾಬುದ್ಧಿವಂತ ನಾನೊಬ್ಬನೇ. ಒಂಬತ್ತನೆಯ ದಿನ ಮೂರನೆ ಮಹಡಿಯ ಹೆಂಗಸು ಕೂಗಿಕೊಂಡಳು. ಚೌಕಿದಾರ ಓಡಿಬಂದು ದೂರದಲ್ಲೇ ನಿಂತು, ಚೀಲವನ್ನು ನನ್ನ ಕೈಯಿಂದಲೇ ಬಿಚ್ಚಿಸಿದ. ಅಕ್ಕಿ ನೋಡಿ ಅವನ ಅನುಮಾನ ಇನ್ನೂ ಹೆಚ್ಚಾಯಿತು. ವಿಳಾಸ ಕೇಳಿ, ನನ್ನನ್ನು ಸೀದಾ ಮನೆಗೇ ಕರೆತಂದು ಬೆಲ್ ಒತ್ತಿದ.

“ಮೇಡಂ, ಇವರು ನಿಮ್ಮವರೇನಾ?” ಎಂದು ಹಿಂದಿಯಲ್ಲಿ ಕೇಳಿದ.

ಅವಳು ನನ್ನನ್ನೂ ಅಕ್ಕಿಯನ್ನೂ ನೋಡಿದಳು. “ಹಾಂ ಭಯ್ಯಾ, ನಮ್ಮವರೇ.”

ಬಾಗಿಲು ಹಾಕಿದ ಮೇಲೆ ಸ್ಫೋಟವಾಯಿತು. “ಅಕ್ಕಿ ಎಲ್ಲಿ ಹೋಯ್ತು ಅಂತ ಕೆಲಸದವಳನ್ನ ಕೇಳ್ಬಿಟ್ಟೆ ರೀ! ಪಾಪ, ಅತ್ಕೊಂಡು ಹೋದ್ಲು. ನೀವು ಬೆಟ್ಟ ಹತ್ತಿದ್ರೆ ನಂಗೇನೂ ಭಯ ಇಲ್ಲ. ನೋವು ಬಂದ್ರೆ ಬಾಯಿ ಬಿಡಲ್ವಲ್ಲ, ಅದಕ್ಕೆ ಭಯ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನ ಕೆಲಸದವಳ ಕ್ಷಮೆ ಕೇಳಿದೆ. ಹೆಂಡತಿ ತನ್ನ ಷರತ್ತು ಹೇಳಿದಳು: “ನಾನೂ ಬರ್ತೀನಿ. ಕೇಳಿದಾಗೆಲ್ಲ ನಾಡಿ ಎಷ್ಟು ಅಂತ ನಿಜ ಹೇಳ್ಬೇಕು. ಒಂದೇ ಒಂದು ಸುಳ್ಳು ಹೇಳಿದ್ರೂ ಇದೇ ಕೊನೆ.”

ಜೂನ್‌ನಲ್ಲಿ ಒಂದು ಚಾರಣ ತಂಡದ ಜೊತೆ ಹಿಮಾಚಲಕ್ಕೆ ಹೋದೆವು. ಸದಾ ಮುಂದಿರುತ್ತಿದ್ದವನು ಈ ಸಲ ಎಲ್ಲರಿಗಿಂತ ಹಿಂದೆ, ಮೊದಲೆಲ್ಲ ನಾನೇ ಗೇಲಿ ಮಾಡುತ್ತಿದ್ದ ಆಮೆನಡಿಗೆಯಲ್ಲಿ ನಡೆದೆ. ಮೆಟ್ಟಿಲುಗಳ ಪುಣ್ಯ, ಕಾಲುಗಳು ಗಟ್ಟಿಯಾಗಿದ್ದವು. ಮೂರು ದಿನವೂ ನಾಡಿ ನೂರಹದಿನೈದು ಮೀರಲಿಲ್ಲ.

ನಾಲ್ಕನೆಯ ದಿನ ಬೆಟ್ಟದ ನೆತ್ತಿಯ ಬಾವುಟಗಳು ಕಾಣಿಸಿದವು. ಇನ್ನು ಇನ್ನೂರು ಹೆಜ್ಜೆ ಇದ್ದೀತು. ಮಣಿಕಟ್ಟಿಗೆ ಬೆರಳಿಟ್ಟು ಎಣಿಸಿದೆ. ನೂರನಲವತ್ತೆರಡು. ಎದೆಯಲ್ಲಿ ನೋವಿಲ್ಲ, ತಲೆ ತಿರುಗುತ್ತಿಲ್ಲ.

“ಎಷ್ಟು?” ತುಸು ಮೇಲಿನ ಬಂಡೆಯಿಂದ ಅವಳು ಕೇಳಿದಳು.

ನೂರಿಪ್ಪತ್ತೈದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ನೂರನಲವತ್ತೆರಡು” ಎಂದೆ.

ಅವಳು ಬಂದು ಪಕ್ಕದಲ್ಲಿ ಕೂತಳು. ಅರ್ಧ ಗಂಟೆ ಕಾದರೂ ನಾಡಿ ನೂರಮೂವತ್ತಾರಕ್ಕಿಂತ ಇಳಿಯಲಿಲ್ಲ. ಮೋಡ ಕವಿಯುತ್ತಿದೆ ಎಂದು ಗೈಡ್ ಎಚ್ಚರಿಸಿದ. ಜೊತೆಯವರೆಲ್ಲ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾವಿಬ್ಬರೂ ಇಳಿಯತೊಡಗಿದೆವು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ತೊರೆಯ ಬಳಿ ಬಾಟಲಿಗೆ ನೀರು ತುಂಬಿಸುತ್ತ ಅವಳೇ ಮಾತು ತೆಗೆದಳು. “ಮುಂದಿನ ವರ್ಷ ಒಂದು ವಾರ ಜಾಸ್ತಿ ರಜಾ ಹಾಕಿ. ಮೇಲಿನ ಕ್ಯಾಂಪಲ್ಲಿ ಎರಡು ದಿನ ಉಳ್ಕೊಂಡು, ಮೈ ಎತ್ತರಕ್ಕೆ ಒಗ್ಗಿದ ಮೇಲೆ ಹತ್ತೋಣ.”

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಬೆಟ್ಟ ಹತ್ತೋಣ ಎಂದು ಅವಳಾಗಿ ಹೇಳಿದ್ದು ಅದೇ ಮೊದಲು.