ಮೆಡಿಕಲ್ ಅಕ್ಕ ಗೋಪುರ ಹತ್ತಿದ್ದು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ನಾಲ್ಕು ವರ್ಷ ನಿಂತ ಮೇಲೆ ಅವಳ ಹೆಸರು ಮನೆಯವರಿಗೂ ಮರೆತಂತಿತ್ತು. ಇಡೀ ಬೀದಿಗೆ ಅವಳು ಮೆಡಿಕಲ್ ಅಕ್ಕ. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹವನ್ನು ಬೇರೆಯವರು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರೆ, ಅವಳ ಕೈ ಅಷ್ಟರಲ್ಲೇ ಕಪಾಟಿನೊಳಗೆ ಹೋಗಿರುತ್ತಿತ್ತು. ಒಂದೇ ಬಣ್ಣದ ನೂರು ಡಬ್ಬಿಗಳ ನಡುವೆ ಬೇಕಾದ ಒಂದನ್ನು ಕಣ್ಣಂಚಿನಲ್ಲೇ ಹುಡುಕಿ ಎಳೆಯುತ್ತಿದ್ದಳು.

ಅವಳ ಗಂಡ ಟವರ್ ಕ್ರೇನ್ ನಡೆಸುವವನು. ಕಟ್ಟಡ ಏಳುವ ಜಾಗದಲ್ಲಿ ಅವನಿಗೆ 'ಮೇಲಿನವರು' ಎಂದೇ ಹೆಸರು. 'ಮೇಲಿನವರನ್ನು ಕೇಳಿ ಹೇಳ್ತೀವಿ' ಎಂದು ಮೇಸ್ತ್ರಿ ಅಂದರೆ ಹೊಸಬರು ಕೈ ಮುಗಿಯುವುದೂ ಇತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು, ಕೊಕ್ಕೆಯಲ್ಲಿ ತೂಗುತ್ತಿದ್ದ ಕಬ್ಬಿಣದ ಕಂಬಿಗಳ ಕಟ್ಟು ಗೋಡೆಗೆ ಅಪ್ಪಳಿಸಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಳಿ ನಿಲ್ಲುವವರೆಗೆ ಮೂರು ಗಂಟೆ ಕಾಲ ಅವನು ಮೇಲೆ ಕ್ರೇನಿನ ತೂಗಾಡುವ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತಿದ್ದ. ಇಳಿದು ಬಂದವನು ಮತ್ತೆ ಹತ್ತಲಿಲ್ಲ. ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ ಬೇರೆಯವರಿಗೆ ಎಡ ಬಲ ಹೇಳುವ ಕೆಲಸಕ್ಕೆ ಸೇರಿದ. ಮೊದಲೇ ಮಾತು ಕಡಿಮೆಯವನು, ಆಮೇಲೆ ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ ಕೇಳುತ್ತಿತ್ತು. ಏನಾದರೂ ಕೇಳಿದರೆ 'ಏನಿಲ್ಲ ಕಣೇ' ಅನ್ನುತ್ತಿದ್ದ. ಅವಳೂ ಕೇಳುವುದನ್ನು ಬಿಟ್ಟಳು.

ಹೀಗಿರುವಾಗ ಅವಳ ತಮ್ಮ ಹಡಗಿನ ಕೆಲಸಕ್ಕೆ ಹೊರಟು, ತನ್ನ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಅಕ್ಕನ ಮನೆಯಲ್ಲಿ ಇಟ್ಟುಹೋದ. ಸುಮ್ಮನೆ ಇಟ್ಟರೆ ಕೆಟ್ಟುಹೋಗುತ್ತದೆ, ವಾರಕ್ಕೊಮ್ಮೆಯಾದರೂ ಹಾಕಿ ನೋಡು ಎಂದು ಟಿವಿಗೆ ಜೋಡಿಸಿಕೊಟ್ಟು, ಯಾವ ಗುಂಡಿ ಯಾವುದಕ್ಕೆ ಎಂದು ಅರ್ಧಂಬರ್ಧ ಹೇಳಿಕೊಟ್ಟಿದ್ದ. ಮಾತು ಕೊಟ್ಟಿದ್ದಳಲ್ಲ, ಒಂದು ಭಾನುವಾರ ಬೆಳಿಗ್ಗೆ ಒಲೆಯ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಾಕಿದಳು.

ಪರದೆಯ ಮೇಲೆ ಮುನ್ನೂರು ವರ್ಷ ಮುಂದಿನ ಒಂದು ನಗರ ತೆರೆದುಕೊಂಡಿತು. ಆಕಾಶದಲ್ಲಿ ಎರಡು ಚಂದ್ರ. ಒಂದು ದೊಡ್ಡದು, ಒಂದು ಅದರ ಪಕ್ಕ ಅಂಟಿಕೊಂಡ ಚಿಕ್ಕದು. ಅವಳು ನಡೆಸಬೇಕಾದದ್ದು ಕವಚ ತೊಟ್ಟ ಒಬ್ಬ ಹೆಣ್ಣು ಸಿಪಾಯಿಯನ್ನು. ಆ ಹುಡುಗಿಯ ಬೆನ್ನು, ಜಡೆ, ಹೆಗಲ ಮೇಲಿನ ಬಂದೂಕು ಇಷ್ಟೇ ಕಾಣುತ್ತಿತ್ತು. ಮೊದಲ ಅರ್ಧ ಗಂಟೆ ಆ ಹುಡುಗಿ ಗೋಡೆಗೆ ಮೂತಿ ಒತ್ತಿಕೊಂಡು ಓಡಿದಳು, ತನ್ನ ಕಡೆಯವನಿಗೇ ಗುಂಡು ಹಾರಿಸಿದಳು. ಅಕ್ಕ ಅವನಿಗೆ ಗಟ್ಟಿಯಾಗಿಯೇ ಕ್ಷಮಿಸಪ್ಪಾ ಅಂದಳು. ಆಮೇಲೆ ಆಟದಲ್ಲಿ ಮಳೆ ಬಂತು. ಗಾಜಿನ ರಸ್ತೆಯ ಮೇಲೆ ಒಂದೊಂದು ಹನಿ ಬಿದ್ದಾಗಲೂ ಅದರೊಳಗೆ ಎರಡೂ ಚಂದ್ರ ನಡುಗಿ ಮತ್ತೆ ಸೇರಿಕೊಳ್ಳುತ್ತಿದ್ದವು. ಅವಳು ಗುಂಡಿ ಒತ್ತುವುದನ್ನೇ ಮರೆತು ನೋಡುತ್ತಾ ಕೂತಳು. ಯಂತ್ರದ ನಾಯಿಯೊಂದು ಬಂದು ಸಿಪಾಯಿಯನ್ನು ಕೊಂದದ್ದು ಆಮೇಲೆ ಗಮನಕ್ಕೆ ಬಂತು.

ಅಂದಿನಿಂದ ಅಂಗಡಿಯಿಂದ ಬಂದ ಮೇಲೆ ಒಂದು ಗಂಟೆ ಆಟಕ್ಕೇ ಮೀಸಲಾಯಿತು. ಕಣ್ಣಂಚಿನಲ್ಲಿ ಡಬ್ಬಿ ಹುಡುಕಿದ ಅಭ್ಯಾಸ ಅಲ್ಲಿ ಕೈಹಿಡಿಯಿತು. ಯಂತ್ರಗಳು ಯಾವ ಮೂಲೆಯಿಂದ ನುಗ್ಗಿದರೂ ಅವಳ ಗುಂಡು ಮೊದಲೇ ಅಲ್ಲಿರುತ್ತಿತ್ತು. ಒಂದೊಂದು ಬೀದಿ ಗೆದ್ದಾಗಲೂ ಮುಂದಿನದು ಇನ್ನೂ ದೊಡ್ಡದಾಗಿ ತೆರೆದುಕೊಳ್ಳುತ್ತಿತ್ತು. ತೇಲುವ ಸೇತುವೆ, ಮರದಷ್ಟು ಎತ್ತರದ ಅಣಬೆಗಳು, ಗಾಜಿನೊಳಗೆ ಮಲಗಿದ ಸಮುದ್ರ. ಇದನ್ನೆಲ್ಲ ಯಾರೋ ಕೂತು ಮಾಡಿದ್ದಾರಲ್ಲ ಎಂದು ಅವಳಿಗೆ ಬೆರಗು. ಗಂಡ ಪೇಪರ್ ಹಿಡಿದು ಹಿಂದೆ ಕೂತಿರುತ್ತಿದ್ದ. ಹಾಳೆ ತಿರುಗಿಸುವ ಸದ್ದು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು.

ಕೊನೆಗೆ ಬಂದದ್ದು ಗೋಪುರ. ಅರ್ಧ ಕಟ್ಟಿ ಬಿಟ್ಟ ಕಬ್ಬಿಣದ ಗೋಪುರ, ತುದಿ ಮೋಡದೊಳಗೆ. ಅದನ್ನು ಹತ್ತಬೇಕು. ಅಂಗೈ ಅಗಲದ ತೊಲೆಗಳ ಮೇಲೆ ನಡೆಯಬೇಕು, ಮೇಲಿಂದ ಯಂತ್ರದ ಹಕ್ಕಿಗಳ ಕಾಟ ಬೇರೆ. ಅಕ್ಕ ಹನ್ನೊಂದು ಸಲ ಬಿದ್ದಳು. ಹನ್ನೆರಡನೆಯ ಸಲ ಹೊರಟಾಗ ಹಿಂದಿನಿಂದ ದನಿ ಬಂತು.

"ಹೆಬ್ಬೆರಳಲ್ಲಿ ಅಷ್ಟು ಜೋರಾಗಿ ದೂಡಬೇಡ ಕಣೇ. ಗಾಳಿ ಎಡದಿಂದ ಬರ್ತಿದೆ. ಆ ಹರಿದ ಬಟ್ಟೆ ಹಾರೋದು ನೋಡು."

ನೋಡಿದಳು. ತೊಲೆಯ ಕೊನೆಗೆ ಸಿಕ್ಕಿಕೊಂಡ ಚಿಂದಿಯೊಂದು ಬಲಕ್ಕೆ ಹಾರುತ್ತಿತ್ತು. ಇಷ್ಟು ದಿನ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಇನ್ನೊಂದು ಕಂಟ್ರೋಲರನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

ಪರದೆ ಎರಡು ಭಾಗವಾಯಿತು. ಮುಂದೆ ಅವನ ಸಿಪಾಯಿ, ಹಿಂದೆ ಅವಳದು. ಅವನ ಹೆಬ್ಬೆರಳುಗಳು ಕೂದಲೆಳೆಯಷ್ಟೇ ಅಲುಗುತ್ತಿದ್ದವು, ಸಿಪಾಯಿ ಒಂದು ಸಲವೂ ತೊನೆಯಲಿಲ್ಲ. ಹಕ್ಕಿಗಳನ್ನು ಅವಳು ಉದುರಿಸಿದಳು, ಅವನು ಕಾಲಿಟ್ಟಲ್ಲೇ ಅವಳು ಕಾಲಿಟ್ಟಳು. ಮುಕ್ಕಾಲು ಪಾಲು ಹತ್ತಿದ ಮೇಲೆ ಅವನ ಸಿಪಾಯಿ ನಿಂತುಬಿಟ್ಟ. ಅಕ್ಕ ತಿರುಗಿ ನೋಡಿದರೆ ಗಂಡನ ಹಣೆಯಲ್ಲಿ ಬೆವರು, ಹೆಬ್ಬೆರಳುಗಳು ಗುಂಡಿ ಬಿಟ್ಟಿದ್ದವು.

"ಇಳಿದುಬಿಡೋಣವಾ?" ಕೇಳಿದಳು.

"ಬೇಡ. ಇರು ಸ್ವಲ್ಪ."

ಹಕ್ಕಿಗಳು ಬಂದಷ್ಟೂ ಅವಳು ಹೊಡೆಯುತ್ತಲೇ ಇದ್ದಳು, ಒಂದನ್ನೂ ಅವನ ಹತ್ತಿರ ಬಿಡಲಿಲ್ಲ. ಆಮೇಲೆ ಅವನು ಉಸಿರು ಬಿಟ್ಟು ಮತ್ತೆ ಹೆಜ್ಜೆ ಹಾಕಿದ.

ಮೋಡ ದಾಟಿದರು. ತುದಿಯಲ್ಲಿ ಶತ್ರುಗಳಿರಲಿಲ್ಲ, ಸದ್ದೂ ಇರಲಿಲ್ಲ. ಕೆಳಗೆ ಹಾಲು ಚೆಲ್ಲಿದಂತೆ ಮೋಡ, ಅದರ ನಡುವೆ ದ್ವೀಪಗಳ ಹಾಗೆ ಬೇರೆ ಗೋಪುರಗಳ ತುದಿಗಳು, ಮೇಲೆ ಎರಡು ಚಂದ್ರ, ಅವುಗಳಾಚೆ ಎಣಿಸಲಾಗದ ಲೋಕಗಳು. ಇಬ್ಬರು ಸಿಪಾಯಿಗಳು ಪಕ್ಕಪಕ್ಕ ನಿಂತಿದ್ದರು. ಅಕ್ಕನ ಮೈ ಜುಮ್ಮೆಂದಿತು.

"ಮಂಜು ಬಿದ್ದ ಬೆಳಿಗ್ಗೆ ಹೀಗೇ ಇರ್ತಿತ್ತು," ಅಂದ ಗಂಡ.

"ಎಲ್ಲಿ?"

"ಕ್ಯಾಬಿನ್ನಲ್ಲಿ. ಊರೆಲ್ಲ ಮುಚ್ಚಿಹೋಗಿ ನಾನೊಬ್ಬನೇ ಮೇಲೆ."

ಆಮೇಲೆ ಅವನು ಹೇಳಿದ್ದನ್ನು ಅವಳು ಎಷ್ಟೋ ದಿನ ಮೆಲುಕು ಹಾಕಿದಳು. ಹದ್ದು ಹಾರುವಾಗ ಅದರ ಬೆನ್ನು ಕಾಣುತ್ತಿತ್ತಂತೆ, ಆ ಬೆನ್ನಿನ ಮೇಲೆ ಬಿಸಿಲು ಹೊಳೆಯುತ್ತಿತ್ತಂತೆ. ಮಳೆ ಊರ ಆ ತುದಿಯಿಂದ ಬೀದಿ ಬೀದಿ ದಾಟಿಕೊಂಡು ನಡೆದು ಬರುವುದನ್ನು ಕೂತಲ್ಲೇ ನೋಡುತ್ತಿದ್ದನಂತೆ. ಒಂದೇ ಒಂದು ಸಲ ಕಾಮನಬಿಲ್ಲು ಪೂರ್ತಿ ಕಂಡಿತ್ತಂತೆ. ಅರ್ಧವಲ್ಲ, ಬಳೆಯ ಹಾಗೆ ದುಂಡಗೆ, ಅದರ ಕೆಳ ಅಂಚು ಅವನ ಕಾಲಿಗಿಂತ ಕೆಳಗೆ.

ಅಕ್ಕ ಕಂಟ್ರೋಲರ್ ಕೆಳಗಿಟ್ಟಳು. ಇಷ್ಟು ವರ್ಷ ಬುತ್ತಿ ಕಟ್ಟಿ ಕಳಿಸಿದ್ದು ಇಂಥ ಜಾಗಕ್ಕೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಹತ್ತುವುದು ಬಿಟ್ಟಾಗ ಜೀವ ಉಳಿಯಿತಲ್ಲ ಎಂದು ನೆಮ್ಮದಿಪಟ್ಟಿದ್ದಳೇ ಹೊರತು, ಅವನು ಏನು ಕಳೆದುಕೊಂಡ ಎಂದು ಯೋಚಿಸಿರಲಿಲ್ಲ.

"ಯಾಕ್ರೀ ಇದನ್ನೆಲ್ಲ ಒಂದು ಸಲವೂ ಹೇಳಲಿಲ್ಲ?"

"ಇಳಿದು ಮನೆಗೆ ಬರೋಷ್ಟರಲ್ಲಿ ಅದು ಬರೀ ಮಾತಾಗಿಬಿಡ್ತಿತ್ತು," ಅಂದ.

ಆಟ ಆಡಿ ಭಯ ಹೋಯಿತು ಎಂದರೆ ಸುಳ್ಳಾಗುತ್ತದೆ. ಮೂರು ವಾರದ ಮೇಲೆ ಅವನು ಎಂಜಿನಿಯರನ್ನು ಕೇಳಿಕೊಂಡು, ಕೆಲಸವಿಲ್ಲದ ದಿನ ಸೊಂಟಕ್ಕೆ ಬೆಲ್ಟು ಕಟ್ಟಿ ಕ್ರೇನಿನ ಏಣಿ ಹತ್ತಿದ. ಮೊದಲ ದಿನ ನಾಲ್ಕನೆಯ ಅಟ್ಟಣಿಗೆಯವರೆಗೆ ಹೋಗಿ, ಅಲ್ಲಿ ಕೂತು, ಇಳಿದುಬಂದ. ಎರಡನೆಯ ಸಲ ಆರನೆಯದು. ಮನೆಗೆ ಬಂದು ಇದನ್ನು ತಾನಾಗೇ ಹೇಳಿದ, ಬೆವರಿದ್ದನ್ನೂ ಮುಚ್ಚಿಡಲಿಲ್ಲ. ತಿಂಗಳು ಕಳೆದು ಒಂದು ಮಧ್ಯಾಹ್ನ ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಬೀದಿಯಾಚೆ ಏಳುತ್ತಿದ್ದ ಕಟ್ಟಡದ ಮೇಲೆ, ಗಂಡ ಕೂತ ಕ್ರೇನಿನ ಉದ್ದನೆಯ ತೋಳು ಆಕಾಶದಲ್ಲಿ ಮೆಲ್ಲಗೆ ತಿರುಗತೊಡಗಿತು. ಎಲ್ಲೂ ಜಗ್ಗಲಿಲ್ಲ, ಎಲ್ಲೂ ತಡವರಿಸಲಿಲ್ಲ. ಒಳಗೆ ಕೆಮ್ಮಿನ ಔಷಧಿಗೆ ಬಂದವರು ಎರಡು ಸಲ ಕರೆದರೂ ಅವಳಿಗೆ ಕೇಳಿಸಲಿಲ್ಲ.

ಈಗ ವಾರಕ್ಕೆ ಮೂರು ದಿನ ಅವನು ಮೇಲೆ ಕೂರುತ್ತಾನೆ, ಗಾಳಿಯ ದಿನ ಹತ್ತುವುದಿಲ್ಲ. ಸಂಜೆ ಬಂದು ಕಂಡದ್ದನ್ನೆಲ್ಲ ಹೇಳುತ್ತಾನೆ. ಮೊನ್ನೆ ಹೀಗೇ, ನಿಮ್ಮ ಅಂಗಡಿಯ ತಾರಸಿಯ ಮೇಲೆ ಯಾರೋ ಹಳದಿ ಬಕೆಟ್ ಮರೆತುಹೋಗಿದ್ದಾರೆ ಎಂದ. ಆ ಕಟ್ಟಡದಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದವಳು ತಾರಸಿಗೆ ಒಂದು ದಿನವೂ ಹೋದವಳಲ್ಲ. ಮಾರನೆಯ ಬೆಳಿಗ್ಗೆ ಮಾಲೀಕರಿಂದ ಬೀಗದ ಕೈ ಕೇಳಿ ತೆಗೆದುಕೊಂಡು ಹತ್ತಿದಳು. ಬಕೆಟ್ ಅಲ್ಲೇ ಇತ್ತು, ಅದರ ತುಂಬಾ ಮಳೆನೀರು. ಬಗ್ಗಿ ನೋಡಿದಳು. ನೀರಿನೊಳಗೆ ಇಷ್ಟಗಲ ಆಕಾಶ, ಒಂದು ಬಿಳಿ ಮೋಡ ನಿಧಾನವಾಗಿ ದಾಟಿಹೋಗುತ್ತಿತ್ತು. ಅದು ಪೂರ್ತಿ ದಾಟುವವರೆಗೆ ಅಕ್ಕ ಅಲ್ಲೇ ನಿಂತಿದ್ದಳು.